ಪೆಟ್ಟಿಗೆಯ ನಾಲ್ಕು ಮೂಲೆ

ಗದಗ-ಬೆಟಗೇರಿಯ ನೇಕಾರರ ಓಣಿಯಲ್ಲಿ ನಸುಕಿಗೆ ಎರಡು ಸಪ್ಪಳ ಕೇಳುತ್ತವೆ. ಒಂದು ಮಗ್ಗದ್ದು. ಅದಕ್ಕೆ ಒಂದೇ ಲಯ, ದಾರ ಹರಿಯುವ ತನಕ ಬಿಡುವಿಲ್ಲ. ಇನ್ನೊಂದು ಓಣಿಯ ತುದಿಯ ಮನೆಯಿಂದ ಬರುವ ರೊಟ್ಟಿ ಬಡಿಯುವ ಸಪ್ಪಳ. ಅದು ಮೊದಲು ನಿಧಾನ, ಅಂಗೈಯ ಭಾರ ಬಿಟ್ಟು ಬಡಿದದ್ದು. ಉಂಡೆ ಅಗಲವಾಗುತ್ತ ಬಂದಂತೆ ಚುರುಕು, ಬೆರಳುಗಳದ್ದು. ಅಂಚು ತೆಳುವಾಗುವ ಹೊತ್ತಿಗೆ ಕೇಳಿಯೂ ಕೇಳದಷ್ಟು ಸಣ್ಣದು. ಆಮೇಲೆ ರೊಟ್ಟಿ ಹಂಚಿನ ಮೇಲೆ ಬಿದ್ದಷ್ಟು ಹೊತ್ತು ಏನೂ ಇಲ್ಲ. ಮತ್ತೆ ಮೊದಲಿಂದ.

ಒಲೆಯ ಮುಂದೆ ಕೂತ ಅಕ್ಕನಿಗೆ ನಲವತ್ತರ ಆಸುಪಾಸು. ಬಲಕ್ಕೆ ಎಸರಿನ ಪಾತ್ರೆ, ಎಡಕ್ಕೆ ಹಿಟ್ಟಿನ ಪರಾತ, ಮುಂದೆ ರೊಟ್ಟಿಗಲ್ಲು. ಜೋಳದ ಹಿಟ್ಟಿಗೆ ಗೋಧಿಗಿರುವ ಜಿಗಿ ಇಲ್ಲ. ಕುದಿಯುವ ನೀರು ಬಿದ್ದು ಹಿಟ್ಟು ಅರೆ ಬೆಂದಾಗ ಮಾತ್ರ ಅದು ಕೈಗೆ ಬಗ್ಗುತ್ತದೆ. ಬೀಸಿ ಬಹಳ ದಿನವಾದ ಹಿಟ್ಟು ಎಷ್ಟು ನಾದಿದರೂ ಬಡಿಯುವಾಗ ಹರಿಯುತ್ತದೆ. ಹಾಗಾಗಿ ದಿನ ಬಿಟ್ಟು ದಿನ ಗಿರಣಿಗೆ ಹೋಗಲೇಬೇಕು. ಹಂಚಿಗೆ ಹಾಕಿದ ರೊಟ್ಟಿಯ ಮೇಲೆ ಒದ್ದೆ ಅರಿವಿಯಿಂದ ನೀರು ಸವರಿ, ಆ ನೀರು ಆರುವ ಗಳಿಗೆ ನೋಡಿ ತಿರುವಿ ಹಾಕುವುದು ಆಕೆ ಹತ್ತು ವರ್ಷದವಳಿದ್ದಾಗಲೇ ಕಲಿತದ್ದು.

ಬೆಂದ ರೊಟ್ಟಿಯನ್ನು ಅಷ್ಟಕ್ಕೇ ಇಳಿಸಿದರೆ ಅದು ಮನೆಯವರ ಊಟಕ್ಕೆ. ಪೆಟ್ಟಿಗೆ ಸೇರಬೇಕಾದದ್ದು ಇನ್ನೊಂದು ಒಲೆಯ ಸಣ್ಣ ಉರಿಯ ಮೇಲೆ ಒಳಗಿನ ನೀರಿನಂಶ ಪೂರಾ ಹೋಗುವ ತನಕ ಕೂರಬೇಕು, ಅರಿವಿಯ ಗಂಟಿನಿಂದ ಒತ್ತಿಸಿಕೊಳ್ಳಬೇಕು. ಬೆರಳಿನಿಂದ ತಟ್ಟಿದರೆ ಟಣ್ ಎನ್ನಬೇಕು. ಕಡಕ್ ರೊಟ್ಟಿ ಎನ್ನಿಸಿಕೊಳ್ಳುವುದು ಆಗ. ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿ ಹೊರಟವರು ವಾರಕ್ಕಾಗುವಷ್ಟು ಗಂಟು ಕಟ್ಟಿಕೊಳ್ಳುತ್ತಿದ್ದದ್ದು ಇದನ್ನೇ. ದೂರದ ದಾರಿಗೆಂದೇ ಹುಟ್ಟಿದ ತಿನಿಸು ಇದು, ಕೆಡುವುದಿಲ್ಲ, ಒಡೆಯುತ್ತದೆ ಅಷ್ಟೆ. ಆನ್‌ಲೈನ್ ವ್ಯಾಪಾರ ಮಾಡುತ್ತೇನೆಂದು ಹೊರಟವರು ಏನು ಮಾರಲಿ ಎಂದು ತಲೆ ಕೆಡಿಸಿಕೊಳ್ಳುತ್ತಾರಲ್ಲ, ಆ ಪ್ರಶ್ನೆಗೆ ಈ ಮನೆಯಲ್ಲಿ ಉತ್ತರ ತಲೆಮಾರುಗಳ ಹಿಂದೆಯೇ ಸಿದ್ಧವಾಗಿತ್ತು.

ಕಿಟಕಿಯ ಕಟ್ಟೆಯ ಮೇಲಿನ ಫೋನು ಬೆಳಗುತ್ತದೆ. ಕಾಲೇಜಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದ ಮಗಳು ಓದುತ್ತಾಳೆ.

“ಅವ್ವಾ, ಬೆಂಗಳೂರಾಗಿನ ಬನಶಂಕರಿಯವ್ರು. ನಲವತ್ತು ಕಡಕ್, ಅರ್ಧಾ ಕಿಲೋ ಶೇಂಗಾ ಹಿಂಡಿ. ಸೋಮಾರ ಮುಟ್ಟಬೇಕಂತ.”

“ಸೋಮಾರ ಮುಟ್ಟೂದಿಲ್ಲ. ಮಂಗಳಾರ ಅಂತ ಬರಿ. ಆಗೂದಿಲ್ಲ ಅಂದ್ರ ಈಗ ಹೇಳಿಬಿಡೂದು ಛಲೋ.”

ಹಿಟ್ಟು ಹತ್ತಿದ ಕೈ ಫೋನಿಗೆ ತಾಗುವುದಿಲ್ಲ. ಬರೆಯುವ ಕೆಲಸ ಮಗಳದ್ದು, ಮಾತು ಮಾತ್ರ ತಾಯಿಯದು.

ಈ ವ್ಯಾಪಾರ ಶುರುವಾದದ್ದು ಗೃಹಲಕ್ಷ್ಮಿಯ ಎರಡು ಕಂತಿನಿಂದ. 2023ರ ಆಗಸ್ಟ್ ಕೊನೆಗೆ ರಾಜ್ಯ ಸರ್ಕಾರ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಆ ಯೋಜನೆ ಆರಂಭಿಸಿತು. ಮುಂದೆ ಇದೇ ಗದಗ ಜಿಲ್ಲೆಯ ಗಜೇಂದ್ರಗಡದ ಕಡೆ ಅತ್ತೆ-ಸೊಸೆ ಸೇರಿ ಆ ಹಣದಲ್ಲಿ ಕೊಳವೆಬಾವಿ ಕೊರೆಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅಷ್ಟು ದೊಡ್ಡ ಸಾಹಸ ಅಕ್ಕನದಲ್ಲ. ಅವಳ ಕೈಯಲ್ಲಿದ್ದದ್ದು 4,000. ಆ ದುಡ್ಡು ಎಲ್ಲೆಲ್ಲಿ ಹೋಯಿತೆಂದು ನೂರು ಹಾಳೆಯ ನೋಟುಬುಕ್ಕಿನ ಮೊದಲ ಪುಟದಲ್ಲಿ ಮಗಳ ಅಕ್ಷರದಲ್ಲಿ ಇನ್ನೂ ಇದೆ. ಪ್ಲಾಸ್ಟಿಕ್ ಚೀಲದ ಬಾಯಿ ಬೆಸೆಯುವ ಕೈ ಯಂತ್ರಕ್ಕೆ 1,300. ತೂಕದ ಯಂತ್ರಕ್ಕೆ 600. ಹದಿನೈದು ಕಿಲೋ ಹಿಂಗಾರಿ ಬಿಳಿಜೋಳಕ್ಕೆ 900. ರಟ್ಟಿನ ಪೆಟ್ಟಿಗೆಗೆ 450, ಚೀಲಗಳಿಗೆ 300, ಅಂಟಿಸುವ ಲೇಬಲ್ಲಿಗೆ 350. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಗೆ 100. ಹಿಂಡಿಗೆ, ಎಂದರೆ ಚಟ್ನಿಪುಡಿಗೆ, ಬೇಕಾದ ಶೇಂಗಾ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ ಕಿರಾಣಿ ಅಂಗಡಿಯಲ್ಲಿ ಉದ್ರಿ.

ಆ ಪುಟದಲ್ಲಿ ಏನು ಇಲ್ಲ ಎಂಬುದನ್ನೂ ನೋಡಬೇಕು. ಅಂಗಡಿ ಬಾಡಿಗೆ ಇಲ್ಲ. ಹೊಸ ಫೋನಿಲ್ಲ. ವೆಬ್‌ಸೈಟಿಲ್ಲ, ಜಾಹೀರಾತಿಲ್ಲ. “ಮನೆಯಲ್ಲೇ ಕುಳಿತು ತಿಂಗಳಿಗೆ ಲಕ್ಷ ಗಳಿಸಿ” ಎಂದು ಕರೆಯುವ ತರಬೇತಿಯ ಶುಲ್ಕವಿಲ್ಲ. ಇಂಥ ತರಬೇತಿಗೆ ಕೂಡಿಟ್ಟ ದುಡ್ಡನ್ನೆಲ್ಲ ಸುರಿದು, ಕೊನೆಗೆ ಮಾರಲು ಕೈಯಲ್ಲೊಂದು ಸಾಮಾನೂ ಇಲ್ಲದೆ ಕೂತ ಹುಡುಗ ಹುಡುಗಿಯರನ್ನು ನಾನು ನೋಡಿದ್ದೇನೆ. ಬಡವರ ದುಡ್ಡಿಗೆ ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ. ಮೊದಲ ಗಿರಾಕಿ ಸಿಗುವ ಮುಂಚೆ ಕಲಿಯಬೇಕಾದದ್ದನ್ನು ಕಲಿಸಲು ದುಡ್ಡು ಕೇಳುವವರ ಹತ್ತಿರ ಹೋಗುವ ಅಗತ್ಯವೇ ಇಲ್ಲ.

ಲೇಬಲ್ಲನ್ನು ಮಾತ್ರ ಚೆನ್ನಾಗಿ ಮಾಡಿಸಿದ್ದಾರೆ. ಗದಗ-ಬೆಟಗೇರಿ ಮಗ್ಗಕ್ಕೆ ಹೇಗೋ ಮುದ್ರಣಕ್ಕೂ ಹಾಗೆ ಹೆಸರಾದ ಜೋಡಿ ಊರು. ಪ್ರೆಸ್ಸಿನವರಿಗೆ ಏನು ಹಾಕಬೇಕೆಂದು ಹೇಳಿಕೊಡಬೇಕಾಗಲಿಲ್ಲ. ಹಸಿರು ಚೌಕದೊಳಗೆ ಹಸಿರು ಚುಕ್ಕೆ, ಏನೇನು ಹಾಕಿದೆ, ತೂಕ ಎಷ್ಟು, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಬೆಲೆ, ಕೆಳಗೆ ನೋಂದಣಿಯ ಹದಿನಾಲ್ಕು ಅಂಕಿ. ಆಗ ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗೆ ವಹಿವಾಟು ಮಾಡುವವರಿಗೆ ವರ್ಷಕ್ಕೆ ನೂರು ರೂಪಾಯಿಯಲ್ಲಿ ಸಿಗುತ್ತಿದ್ದ ಆ ಅಂಕಿಯೇ ಮನೆಯ ಅಡುಗೆಗೂ ಮಾರುವ ಅಡುಗೆಗೂ ನಡುವಿನ ಗೆರೆ. ದೂರದಲ್ಲಿ ಕೂತು ಕೊಳ್ಳುವವರಿಗೆ ಅಡುಗೆಮನೆ ಕಾಣುವುದಿಲ್ಲ, ಕಾಣುವುದು ಈ ಲೇಬಲ್ ಒಂದೇ.

ಮೊದಲ ಗಿರಾಕಿಗಳು ಬಂದದ್ದು ಅಣ್ಣನ ಮಗನ ಕಡೆಯಿಂದ. ಬೆಂಗಳೂರಿನ ಪಿಜಿಯೊಂದರಲ್ಲಿ ಇರುವ ಹುಡುಗ ಊರಿಗೆ ಬಂದಾಗಲೆಲ್ಲ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದ. ಜೊತೆಯ ಹುಡುಗರು ತಿಂದು, “ನಿಮ್ಮ ಅತ್ತೀಗೆ ಹೇಳಿ ನಮಗೂ ಕಳಸಲೆ” ಎಂದರು. ಅವರಲ್ಲಿ ಒಬ್ಬನ ತಾಯಿ ವಿಜಯಪುರದವರು, ಸಕ್ಕರೆ ಕಾಯಿಲೆಯವರು, ಇನ್ನೊಬ್ಬ ಮಗನ ಮನೆಯಲ್ಲಿ ಅನ್ನ ತಿಂದು ಬೇಸತ್ತವರು. ಅಲ್ಲಿಂದ ಅವರ ಅಪಾರ್ಟ್‌ಮೆಂಟಿನ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ವಾಟ್ಸ್ಆ್ಯಪ್ ಗುಂಪು. ವ್ಯಾಪಾರದ ಬಾಗಿಲು ತೆರೆದದ್ದು ಆ ಗುಂಪಿನಲ್ಲಿ.

ಮಗಳು ಹಾಕಿಕೊಟ್ಟದ್ದು ವಾಟ್ಸ್ಆ್ಯಪ್ ಬಿಸಿನೆಸ್. 2018ರಲ್ಲಿ ಬಂದ ಈ ಆ್ಯಪ್‌ಗೆ ದುಡ್ಡು ಕೊಡಬೇಕಿಲ್ಲ. ಅದರೊಳಗಿನ ಕ್ಯಾಟಲಾಗಿನಲ್ಲಿ ಸಾಮಾನಿನ ಚಿತ್ರ, ತೂಕ, ಬೆಲೆ ಇಟ್ಟರೆ “ಏನೇನ ಐತಿ, ಎಷ್ಟ?” ಎಂಬ ಪ್ರಶ್ನೆಗೆ ದಿನಕ್ಕೆ ನೂರು ಸಲ ಉತ್ತರ ಬರೆಯುವುದು ತಪ್ಪುತ್ತದೆ. ಚಿತ್ರ ತೆಗೆಯುವುದು ಬೆಳಿಗ್ಗೆ ಎಂಟರ ಬಿಸಿಲು ಪಡಸಾಲೆಯ ಕಿಟಕಿಯಿಂದ ಓರೆಯಾಗಿ ಬೀಳುವಾಗ. ಕರಿ ಕಂಬಳಿ ಹಾಸಿ ಅದರ ಮೇಲೆ ರೊಟ್ಟಿಯ ಸಾಲು. ಬಿಳಿ ರೊಟ್ಟಿಯ ಮೇಲಿನ ಕಂದು ಚುಕ್ಕೆ, ಅಂಟಿಕೊಂಡ ಎಳ್ಳು, ಪಕ್ಕದಲ್ಲಿ ಬಟ್ಟಲು ತುಂಬ ಕೆಂಪು ಹಿಂಡಿ. ಬೇರೆ ಅಲಂಕಾರ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸಿದರೆ, ಪೆಟ್ಟಿಗೆ ಬಿಚ್ಚಿದವರಿಗೆ ಕಡಿಮೆ ಎನ್ನಿಸುವುದಿಲ್ಲ.

ಪ್ರತಿ ಪೆಟ್ಟಿಗೆಯೊಳಗೆ ಒಂದು ಚೀಟಿ ಇರುತ್ತದೆ: “ನಮ್ಮ ನಂಬರ್ ಸೇವ್ ಮಾಡಿಕೊಳ್ಳಿರಿ.” ಹಿತವಚನದ ಹಾಗೆ ಕಾಣುವ ಈ ಸಾಲಿಗೆ ಗಟ್ಟಿ ಕಾರಣ ಇದೆ. ವಾಟ್ಸ್ಆ್ಯಪ್‌ನಲ್ಲಿ 256 ಜನರ ತನಕ ಒಂದೇ ಸಲ ಸಂದೇಶ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಬಹುದು. ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಯುಗಾದಿಯ ಮುಂಚೆ ಶೇಂಗಾ ಹೋಳಿಗೆ ಮಾಡುತ್ತೇವೆಂದು ಎಷ್ಟು ಚಂದ ಬರೆದರೂ, ಸೇವ್ ಮಾಡಿಕೊಳ್ಳದವರ ಪಾಲಿಗೆ ಆ ಸಂದೇಶ ಹುಟ್ಟಲೇ ಇಲ್ಲ. ಸಾವಿರಾರು ರೂಪಾಯಿಯ ಜಾಹೀರಾತಿನ ಕೆಲಸವನ್ನು ಆ ಅಂಗೈಯಗಲ ಚೀಟಿ ಮಾಡುತ್ತಿದೆ.

ಹತ್ತರ ಹೊತ್ತಿಗೆ ಒಲೆ ಆರುತ್ತದೆ, ಪಡಸಾಲೆ ಗೋದಾಮಾಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇಲ್ಲಿನ ಕೆಲಸ. ರೊಟ್ಟಿಗಳನ್ನು ಮೊದಲು ಗಾಳಿಗೆ ಪೂರಾ ಆರಬಿಡುತ್ತಾರೆ. ಸ್ವಲ್ಪ ಬೆಚ್ಚಗಿದ್ದರೂ ಚೀಲದೊಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಆರಲು ಬಿಡುವ ಗಾಳಿಯೇ ರೊಟ್ಟಿಯನ್ನು ಮೆತ್ತಗೆ ಮಾಡುತ್ತದೆ. ಆಗ ಇನ್ನೊಮ್ಮೆ ಹಂಚು ಕಾಣಿಸಿ ಕೂಡಲೇ ಬೆಸೆಯಬೇಕು. ಚೀಲಗಳು ಪೆಟ್ಟಿಗೆಗೆ ಇಳಿಯುತ್ತವೆ.

ಶುರುವಿನಲ್ಲಿ ಹೋದ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ರೊಟ್ಟಿ ಚೂರಾಗಿ ಮುಟ್ಟುತ್ತಿದ್ದವಂತೆ. ರೊಟ್ಟಿ ದುಂಡಗೆ, ಪೆಟ್ಟಿಗೆ ಚೌಕ. ನಾಲ್ಕು ಮೂಲೆ ಖಾಲಿ. ದಾರಿಯುದ್ದಕ್ಕೂ ರೊಟ್ಟಿಗಳು ಆ ಖಾಲಿಯಲ್ಲಿ ಜರುಗಾಡಿ ಒಂದಕ್ಕೊಂದು ಬಡಿದುಕೊಂಡಿವೆ. ಇನ್ನೊಂದು ಕಡೆ ಸಾಗಣೆಯ ಖರ್ಚು ಹೊರಲಾರದಷ್ಟು. ರೊಟ್ಟಿ ಹಗುರ, ಆದರೆ ಜಾಗ ತಿನ್ನುತ್ತದೆ. ಕೊರಿಯರಿನವರು ತೂಕವನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಹಾಗೆ ಬಂದ ಕಿಲೋ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದುಡ್ಡು. 27 ಸೆಂಟಿಮೀಟರ್ ಚೌಕದ, 12 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ ಅವರ ಲೆಕ್ಕದಲ್ಲಿ ಒಂದೂಮುಕ್ಕಾಲು ಕಿಲೋ. ಒಳಗಿನ ಇಪ್ಪತ್ತು ರೊಟ್ಟಿ ತೂಗುವುದು ಒಂದು ಕಿಲೋ. ಮುಕ್ಕಾಲು ಕಿಲೋ ಗಾಳಿಗೆ ಬಾಡಿಗೆ ಕೊಟ್ಟಂತಾಯಿತು.

ಎರಡೂ ತೊಂದರೆಗೆ ಒಂದೇ ಪರಿಹಾರ ಕಂಡದ್ದು ಅತ್ತೆಯವರಿಗೆ. ಎಪ್ಪತ್ತು ದಾಟಿದ ಆಯಿ ಗೋಡೆಗೆ ಒರಗಿ ಕೂತು ಇವರ ಪರದಾಟ ನೋಡುತ್ತಿದ್ದವರು, “ಮೂಲ್ಯಾಗ ಹಿಂಡಿ ತುರಕ್ರಿ” ಎಂದರಂತೆ. ಬುತ್ತಿ ಕಟ್ಟುವಾಗ ರೊಟ್ಟಿಯ ನಡುವೆ ಹಿಂಡಿಯ ಗಂಟು ಸೇರಿಸುತ್ತಿದ್ದವರ ಮಾತು ಅದು. ಈಗ ನೂರು, ಇನ್ನೂರು ಗ್ರಾಮಿನ ಉದ್ದನೆಯ ಚೀಲಗಳಲ್ಲಿ ಹಿಂಡಿ ತುಂಬಿ ನಾಲ್ಕು ಮೂಲೆಗೆ ನಿಲ್ಲಿಸುತ್ತಾರೆ. ಒಂದರಲ್ಲಿ ಶೇಂಗಾ, ಒಂದರಲ್ಲಿ ಅಗಸಿ, ಒಂದರಲ್ಲಿ ಗುರೆಳ್ಳು, ಇನ್ನೊಂದರಲ್ಲಿ ಪುಟಾಣಿ. ರೊಟ್ಟಿಯ ಕಂತೆ ಅಲುಗಾಡದೆ ಕೂರುತ್ತದೆ. ಗಾಳಿಗೆ ಕೊಡುತ್ತಿದ್ದ ಬಾಡಿಗೆಯಲ್ಲಿ ಹಿಂಡಿ ಪ್ರಯಾಣ ಮಾಡುತ್ತದೆ. ಮೂಲೆ ತುಂಬಿಸಲೆಂದು ಹೋದ ಹಿಂಡಿ ಈಗ ರೊಟ್ಟಿಗಿಂತ ಹೆಚ್ಚು ಲಾಭ ತರುವ ಸಾಮಾನಾಗಿದೆ.

ಒಡೆದ ಚೂರುಗಳೂ ವ್ಯರ್ಥವಾಗುವುದಿಲ್ಲ. ಮನೆಯಲ್ಲೇ ಒಡೆದವನ್ನು ಮುರುಕು ರೊಟ್ಟಿ ಎಂದು ಬೇರೆ ಚೀಲಕ್ಕೆ ಹಾಕಿ ಅರ್ಧ ಬೆಲೆಗೆ ಮಾರುತ್ತಾರೆ. ಮಜ್ಜಿಗೆಯಲ್ಲಿ ನೆನೆಸಿ ಒಗ್ಗರಣೆ ಕೊಟ್ಟು ತಿನ್ನುವವರು ಅದನ್ನೇ ಕೇಳಿ ತರಿಸುತ್ತಾರೆ.

ಮಧ್ಯಾಹ್ನ ಒಂದರ ಬಿಸಿಲಿಗೆ ಅಕ್ಕ ಎರಡು ಚೀಲ ಹಿಡಿದು ಆಟೋ ಹತ್ತುತ್ತಾಳೆ. ಅಂಚೆ ಕಚೇರಿಯ ಕೌಂಟರಿನ ಹಿಂದಿನ ತಮ್ಮ ಅವಳನ್ನು ಬಲ್ಲ. “ಇವತ್ತ ಎಷ್ಟ್ರಿ ಅಕ್ಕಾರ?” ಎನ್ನುತ್ತ ಪೆಟ್ಟಿಗೆಗಳನ್ನು ತಕ್ಕಡಿಗೆ ಇಡುತ್ತಾನೆ. ಬಿಲ್ಲು ಹೊರಬರುತ್ತದೆ. ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಮತ್ತೆ ಎರಡು ಅಕ್ಷರದ ಸ್ಪೀಡ್ ಪೋಸ್ಟ್ ಸಂಖ್ಯೆ. ಅಲ್ಲೇ ಬೆಂಚಿನ ಮೇಲೆ ಕೂತು ಒಂದೊಂದೇ ಬಿಲ್ಲಿನ ಚಿತ್ರ ತೆಗೆದು ಅವರವರಿಗೆ ಕಳಿಸಿದ ಮೇಲೇ ಅವಳು ಏಳುವುದು. ದುಡ್ಡು ಮುಂಗಡ ಕೊಟ್ಟವರಿಗೆ ಆ ಚಿತ್ರ ಮುಟ್ಟುವ ತನಕ ಮನಸ್ಸು ನಿಲ್ಲುವುದಿಲ್ಲ ಎಂಬುದು ಅವಳಿಗೆ ಗೊತ್ತು. ದೊಡ್ಡ ಆರ್ಡರು ಇದ್ದರೆ ಲಾರಿ ಪಾರ್ಸಲ್ಲು. ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಒಂದು ಲಾರಿಯಿಂದ ಸಾಗಣೆ ವ್ಯವಹಾರ ಆರಂಭಿಸಿದ್ದು ಇದೇ ಗದಗಿನಲ್ಲಿ. ಸರಕು ಸಾಗಿಸುವ ದಾರಿ ಈ ಊರಿಗೆ ಹೊಸದಲ್ಲ. ಈಗ ಆ ದಾರಿಗೆ ಪಡಸಾಲೆಯ ಪೆಟ್ಟಿಗೆಯೂ ಸೇರಿದೆ.

ಸಂಜೆ ಆ ನೋಟುಬುಕ್ಕು ಮತ್ತೆ ಹೊರಬರುತ್ತದೆ. ಅದರ ನಡುವಿನ ಒಂದು ಪುಟಕ್ಕೆ ಈ ವ್ಯಾಪಾರದ ಜೀವ ಇದೆ ಎಂದು ನನಗೆ ಅನ್ನಿಸುತ್ತದೆ.

ಮೊದಲ ತಿಂಗಳುಗಳಲ್ಲಿ ಒಂದು ರೊಟ್ಟಿಗೆ 6 ರೂಪಾಯಿ ಇಟ್ಟಿದ್ದರು. ಒಂದು ಕಿಲೋ ಹಿಟ್ಟಿಗೆ ಇಪ್ಪತ್ತು ರೊಟ್ಟಿ, ಅಂದರೆ 120 ರೂಪಾಯಿ. ಜೋಳ 60, ಗಿರಣಿ 6, ಗ್ಯಾಸು 15, ಎಳ್ಳು 3, ಚೀಲ ಪೆಟ್ಟಿಗೆ 12. ಒಟ್ಟು 96. ಉಳಿದದ್ದು 24. ದಿನಕ್ಕೆ ನಾಲ್ಕೈದು ಕಿಲೋ ಹಿಟ್ಟು ಖರ್ಚಾದರೆ ನೂರು ರೂಪಾಯಿಯ ಆಸುಪಾಸು ಲಾಭ ಎಂದು ಮನೆಯವರೆಲ್ಲ ಖುಷಿಯಾಗಿದ್ದರು. ಒಂದು ರಾತ್ರಿ ಮಗಳು ಇನ್ನೊಂದು ಸಾಲು ಬರೆದಳು. ಇಪ್ಪತ್ತು ರೊಟ್ಟಿ ಬಡಿದು, ಕಡಕ್ ಮಾಡಿ, ಆರಿಸಿ, ಕಟ್ಟಿ, ಅಂಚೆಗೆ ಮುಟ್ಟಿಸಲು ಹಿಡಿಯುವ ಹೊತ್ತು ಒಂದೂವರೆ ತಾಸು. 24 ರೂಪಾಯಿಯನ್ನು ಅದಕ್ಕೆ ಹಂಚಿದರೆ ತಾಸಿಗೆ 16.

“ಲಾಭ ಅಲ್ಲವ್ವಾ ಇದು. ನಿನ್ನ ಕೂಲೀನೂ ಹುಟ್ಟವಲ್ದು.”

ಆಯಿ ಒಪ್ಪಲಿಲ್ಲ. “ರೊಟ್ಟಿ ಬಡಿಯಾಕೂ ಕೂಲಿ ಅಂತೇನವ್ವಾ? ಹ್ಯಾಂಗೂ ಒಲಿ ಮುಂದ ಕುಂದರಬೇಕ.”

“ಆಯಿ, ಮನಿಯವರಿಗೆ ಬಡಿಯೂದು ಬ್ಯಾರೆ, ಬೆಂಗಳೂರಿಗೆ ಬಡಿಯೂದು ಬ್ಯಾರೆ.”

ಆ ಮಾತು ಓಣಿಯ ತುಂಬ, ನಾಡಿನ ತುಂಬ ಹೇಳಬೇಕಾದ ಮಾತು. ಕಡಿಮೆ ಬಂಡವಾಳದ ವ್ಯಾಪಾರ ಎಂದು ನಾವು ಹೊಗಳುವುದೆಲ್ಲ ಬಹುಪಾಲು ಹೆಣ್ಣುಮಕ್ಕಳ ಮೈ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದರಿಂದ ಕಡಿಮೆ ಎನ್ನಿಸಿಕೊಂಡಿದೆ. ಜೋಳಕ್ಕೆ ಬೆಲೆ ಇದೆ, ಗ್ಯಾಸಿಗೆ ಬೆಲೆ ಇದೆ, ಖಾಲಿ ರಟ್ಟಿನ ಪೆಟ್ಟಿಗೆಗೂ ಬೆಲೆ ಇದೆ. ನಾಲ್ಕು ಗಂಟೆಗೆ ಎದ್ದ ಸೊಂಟಕ್ಕೆ ಇಲ್ಲ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಎಂಟು ತಾಸಿಗೆ ಹಂಚಿದರೆ ತಾಸಿಗೆ 46 ರೂಪಾಯಿಯ ಮೇಲಾಗುತ್ತದೆ. ಕೆರೆಯ ಹೂಳೆತ್ತುವವರಿಗೆ ಸಿಗುವಷ್ಟೂ ಸಿಗದ ಕೆಲಸವನ್ನು ಸ್ವಂತ ಉದ್ಯಮ ಎಂದು ಕರೆದು ಚಪ್ಪಾಳೆ ತಟ್ಟುವುದರಲ್ಲಿ ನ್ಯಾಯವಿಲ್ಲ. ಎರಡು ವರ್ಷ ಹೀಗೆ ನಡೆಸಿ, ಕೈಯಲ್ಲಿ ಏನೂ ಉಳಿಯದೆ ನಿಲ್ಲಿಸಿದವರನ್ನು “ಹೆಂಗಸರಿಗೆ ವ್ಯಾಪಾರ ಬರೂದಿಲ್ಲ” ಎಂದು ಆಡಿಕೊಳ್ಳುವವರೂ ಇದ್ದಾರೆ. ಬಾರದ್ದು ವ್ಯಾಪಾರವಲ್ಲ, ತನ್ನ ಕೂಲಿ ಕೇಳುವ ಧೈರ್ಯವನ್ನು ಯಾರೂ ಕಲಿಸಿರಲಿಲ್ಲ.

ಬೆಲೆ 9 ರೂಪಾಯಿ ಆಯಿತು. ಇಪ್ಪತ್ತಕ್ಕೆ 180, ಖರ್ಚು ಕಳೆದು 84, ತಾಸಿಗೆ 56. ಸಂದೇಶ ಕಳಿಸುವ ದಿನ ಅಕ್ಕನಿಗೆ ಅನ್ನ ಇಳಿಯಲಿಲ್ಲವಂತೆ. ಗಿರಾಕಿಗಳೆಲ್ಲ ಬಿಟ್ಟುಹೋಗುತ್ತಾರೆಂಬ ಅಂಜಿಕೆ. ಕೆಲವರು ಹೋದರು. ಹೆಚ್ಚಿನವರು ಏನೂ ಕೇಳದೆ ಹೊಸ ಬೆಲೆ ಹಾಕಿದರು. ವಿಜಯಪುರದ ಆ ತಾಯಿ ಮಾತ್ರ ಧ್ವನಿ ಸಂದೇಶ ಕಳಿಸಿದ್ದರು: “ಮದ್ಲ ಯಾಕ ಏರಸಲಿಲ್ಲ ತಂಗಿ? ನಾನೂ ರೊಟ್ಟಿ ಬಡದಾಕಿ, ನನಗ ಗೊತ್ತೈತಿ.” ಮಗಳು ಆ ಸಂದೇಶವನ್ನು ಇನ್ನೂ ಅಳಿಸಿಲ್ಲ.

ಯುಪಿಐ ಬಂದದ್ದು 2016ರಲ್ಲಿ. ಅದಿಲ್ಲದೆ ಈ ಪೆಟ್ಟಿಗೆಗಳು ಊರು ದಾಟುತ್ತಲೇ ಇರಲಿಲ್ಲ. ನೂರೆಂಬತ್ತು ರೂಪಾಯಿಗೆ ಮನಿಯಾರ್ಡರು ಮಾಡಿ ಯಾರೂ ರೊಟ್ಟಿ ತರಿಸುವುದಿಲ್ಲ. ಆದರೆ ಮೋಸವೂ ಅದೇ ಬಾಗಿಲಿಂದ ಬಂತು. ಸೇನೆಯ ಕ್ಯಾಂಟೀನಿನವನೆಂದು ಹೇಳಿಕೊಂಡವನೊಬ್ಬ ಐನೂರು ರೊಟ್ಟಿ ಬೇಕೆಂದ, ಮುಂಗಡ ಕಳಿಸುತ್ತೇನೆಂದ, ಕ್ಯೂಆರ್ ಕೋಡೊಂದನ್ನು ಕಳಿಸಿ ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ ಎಂದ. ಮಗಳು ಪಕ್ಕದಲ್ಲಿ ಇದ್ದದ್ದರಿಂದ ಉಳಿದರು. ಹಣ ಬರಬೇಕಾದಾಗ ಪಿನ್ ಒತ್ತುವ ಪ್ರಸಂಗವೇ ಇಲ್ಲ. ಪಿನ್ ಒತ್ತಿದರೆ ಹೋಗುವುದೇ ಹೊರತು ಬರುವುದಿಲ್ಲ. ಪಾವತಿಯ ಚಿತ್ರವನ್ನೂ ಈ ಮನೆಯವರು ನಂಬುವುದಿಲ್ಲ. ಬ್ಯಾಂಕಿನ ಖಾತೆಯಲ್ಲಿ ದುಡ್ಡು ಕಂಡ ಮೇಲೇ ಹಿಟ್ಟಿಗೆ ಎಸರು ಬೀಳುವುದು. ಪೆಟ್ಟಿಗೆ ಕೈಗೆ ಬಂದ ಮೇಲೆ ದುಡ್ಡು ಕೊಡುತ್ತೇವೆ ಎನ್ನುವವರಿಗೆ ಅಕ್ಕ ಕೈ ಮುಗಿಯುತ್ತಾಳೆ. ಬಾಗಿಲು ತೆಗೆಯದೆ ತಿರುಗಿ ಬಂದ ಒಂದು ಪೆಟ್ಟಿಗೆಗೆ ಹೋದ ಬಾಡಿಗೆ, ಬಂದ ಬಾಡಿಗೆ ಎರಡನ್ನೂ ಹೊತ್ತರೆ ಹಲವು ಪೆಟ್ಟಿಗೆಯ ಲಾಭ ಕರಗುತ್ತದೆ.

2025ರ ಜುಲೈ ತಿಂಗಳು ಎಲ್ಲ ಸಣ್ಣ ವ್ಯಾಪಾರಿಗಳ ಹಾಗೆ ಇವರನ್ನೂ ಅಲ್ಲಾಡಿಸಿತು. ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳಿಸಿದಾಗ ಬೆಂಗಳೂರಿನ ಅಂಗಡಿಗಳ ಮುಂದೆ “ನಗದು ಮಾತ್ರ” ಎಂಬ ಚೀಟಿಗಳು ಬಿದ್ದವು. ಅಕ್ಕನಿಗೆ ಆ ದಾರಿ ಇರಲಿಲ್ಲ. ಅಂಜಿಕೆಯಿಂದಲೇ ಗದಗಿನ ತೆರಿಗೆ ಸಲಹೆಗಾರರೊಬ್ಬರ ಹತ್ತಿರ ನೋಟುಬುಕ್ಕು ಹಿಡಿದು ಹೋದಳು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ, ನಿಮ್ಮದು ಅದರ ಹತ್ತಿರವೂ ಇಲ್ಲ ಎಂದು ಅವರು ಹೇಳಿದಾಗ ಜೀವ ಬಂತು. ಮುಂದೆ ಹೇಳಿದ್ದು ಕೂಡ ಅಷ್ಟೇ ಮುಖ್ಯ. ತೆರಿಗೆ ಇರುವ ಸರಕನ್ನು ರಾಜ್ಯದ ಹೊರಗೆ ಮಾರಿದರೆ ಆ ಮಿತಿ ಅನ್ವಯಿಸುವುದಿಲ್ಲ, ನೋಂದಣಿ ಬೇಕೇ ಬೇಕು. ರೊಟ್ಟಿಯ ಮೇಲಿದ್ದ ಶೇ 5ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಹೋಯಿತು, ಹಿಂಡಿಯ ಮೇಲಿನದು ಹೋಗಿಲ್ಲ.

ಹಾಗಾಗಿ ಈಗ ಪುಣೆಗೆ ಹೊರಡುವ ಪೆಟ್ಟಿಗೆಯ ಮೂಲೆಗಳಲ್ಲಿ ಹಿಂಡಿ ಇಲ್ಲ, ಮಡಿಚಿದ ರಟ್ಟಿನ ಚೂರುಗಳಿವೆ. ಪುಣೆಯ ಕನ್ನಡದ ಗಿರಾಕಿಗಳು ಹಿಂಡಿ ಯಾಕಿಲ್ಲ ಎಂದು ಕೇಳುತ್ತಲೇ ಇರುತ್ತಾರೆ. ನೋಂದಣಿ ಮಾಡಿಸಿ ತಿಂಗಳು ತಿಂಗಳು ಲೆಕ್ಕ ಸಲ್ಲಿಸುವ ಖರ್ಚು ಹೊರುವಷ್ಟು ಆರ್ಡರು ಆ ಕಡೆಯಿಂದ ಬಂದ ದಿನ ಮಾಡಿಸುವುದು ಎಂದು ಮನೆಯಲ್ಲಿ ಮಾತಾಗಿದೆ. ಕರಕುಶಲ ವಸ್ತುಗಳಿಗೆ ಹೊರರಾಜ್ಯದ ಮಾರಾಟದಲ್ಲಿ ಕೊಟ್ಟಿರುವ ರಿಯಾಯಿತಿಯನ್ನು ಮನೆಯ ತಿನಿಸಿಗೂ ಕೊಡಬಾರದೇಕೆ ಎಂಬುದು ನನ್ನ ಪ್ರಶ್ನೆ. ಕೈಯಿಂದ ನೇಯ್ದದ್ದಕ್ಕೆ ಸಿಕ್ಕ ಮನ್ನಣೆ ಕೈಯಿಂದ ಕುಟ್ಟಿದ್ದಕ್ಕೂ ಸಿಗಬೇಕು.

ಬ್ಯಾಂಕಿನವರು ಒಮ್ಮೆ ರೊಟ್ಟಿ ಯಂತ್ರದ ಮಾತು ಎತ್ತಿದ್ದರು. ಕಿರು ಆಹಾರ ಉದ್ಯಮಗಳಿಗೆ 2020ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಶೇ 35 ಸಹಾಯಧನ, ರಾಜ್ಯ ಸರ್ಕಾರ ಸೇರಿಸುತ್ತಿದ್ದ ಶೇ 15 ಕೂಡಿದರೆ ಅರ್ಧ ಹೊರೆ ಇಳಿಯುತ್ತಿತ್ತು. ಸರಿಯಾದ ಹೊತ್ತಿಗೆ ಅದು ದೊಡ್ಡ ಆಸರೆ. ಆದರೆ ಸಹಾಯಧನದ ಜೊತೆಗೆ ಸಾಲವೂ ಬರುತ್ತದೆ, ಕಂತು ಆರ್ಡರು ಬಂದ ತಿಂಗಳನ್ನಷ್ಟೇ ನೋಡಿಕೊಂಡು ಬರುವುದಿಲ್ಲ. ಅಕ್ಕ ಸದ್ಯಕ್ಕೆ ಬೇಡ ಎಂದಳು. “ಮಶಿನ್ ರೊಟ್ಟಿ ಎಲ್ಲಾ ಕಡೆ ಸಿಗತಾವ್ರಿ ಅಣ್ಣಾರ. ನಮ್ಮ ಕಡೆ ಕೇಳಿ ಬರೂದು ಬಡದ ರೊಟ್ಟಿಗೆ.”

ಯಂತ್ರದ ಬದಲು ಕೈಗಳು ಹೆಚ್ಚಿದವು. ಓಣಿಯ ಇನ್ನೂ ಮೂರು ಮನೆಗಳಲ್ಲಿ ಈಗ ಇವರಿಗಾಗಿ ರೊಟ್ಟಿ ಬಡಿಯುತ್ತಾರೆ. ಮಗ್ಗ ನಿಂತುಹೋದ ಮನೆಯೂ ಅದರಲ್ಲಿ ಒಂದು. ಹಿಟ್ಟು ಅಕ್ಕನ ಮನೆಯಿಂದಲೇ ಹೋಗುತ್ತದೆ, ಅಳತೆಗೆ ಒಂದೇ ಗಾತ್ರದ ತಾಟು, ರೊಟ್ಟಿಗೆ ಇಷ್ಟೆಂದು ಕೂಲಿ. ಶನಿವಾರ ಸಂಜೆ ಪಡಸಾಲೆಯಲ್ಲಿ ಎಲ್ಲರೂ ಕೂತು ಲೆಕ್ಕ ಹಂಚಿಕೊಳ್ಳುವಾಗ ಚಹಾ, ಚುರುಮುರಿ. ಕಲಬುರಗಿಯಲ್ಲಿ ಹೀಗೇ ಸೇರಿದ ಹೆಣ್ಣುಮಕ್ಕಳು ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ಜೋಳದ ರೊಟ್ಟಿ ಮಾಡುತ್ತಾರೆಂದು 2025ರ ಜೂನಿನ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಹೇಳಿದ್ದನ್ನು ಈ ಪಡಸಾಲೆಯೂ ಕೇಳಿತ್ತು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಣ್ಣ ಸಣ್ಣ ಹಣ ಒಟ್ಟು ಮಾಡಿ ಕಟ್ಟಿದ ಸಹಕಾರ ಸಂಘ ಏಷ್ಯಾದಲ್ಲೇ ಮೊದಲನೆಯದು ಎಂದು ಹೆಸರಾಗಿದೆ. ಆ ನೆಲದ ಮಕ್ಕಳಿಗೆ ಕೂಡಿ ಮಾಡುವುದನ್ನು ಹೊರಗಿನಿಂದ ಯಾರೂ ಬಂದು ಕಲಿಸಬೇಕಾಗಿಲ್ಲ. ಸಂಘವಾಗಿ ನೋಂದಣಿ ಮಾಡಿಸುವ ಮಾತು ಶನಿವಾರದ ಚಹಾದ ಜೊತೆ ಈಗೀಗ ಬರುತ್ತಿದೆ.

ಇಂಥ ಮನೆಗಳು ನಿಮ್ಮ ಫೋನಿನಲ್ಲೂ ಇವೆ. ಶಿರಸಿಯ ಅಪ್ಪೆಮಿಡಿ, ಇಳಕಲ್ಲಿನ ಸೀರೆ, ಚನ್ನಪಟ್ಟಣದ ಗೊಂಬೆ, ಯಾರದೋ ಅತ್ತಿಗೆ ಮಾಡಿದ ಹಲಸಿನ ಹಪ್ಪಳ. ಅವರ ಹತ್ತಿರ ಕೊಳ್ಳುವಾಗ ಒಂದಿಷ್ಟು ಮಾತು ನೆನಪಿಡಿ. ಸಾಗಣೆ ವೆಚ್ಚ ಬಿಡಿ ಎಂದು ಕೇಳಬೇಡಿ, ಅದು ಅವರ ಕೂಲಿಯಿಂದಲೇ ಕಳೆಯುತ್ತದೆ. ಹಬ್ಬಕ್ಕೆ ಬೇಕಾದದ್ದನ್ನು ವಾರ ಮುಂಚೆ ಹೇಳಿ. ರೊಟ್ಟಿ ಒಡೆದು ಬಂದಿದ್ದರೆ ಸುಮ್ಮನೆ ಬಿಟ್ಟುಬಿಡದೆ ಒಂದು ಚಿತ್ರ ತೆಗೆದು ಅವರಿಗೇ ಕಳಿಸಿ, ಮುಂದಿನ ಪೆಟ್ಟಿಗೆ ಸರಿಯಾಗುತ್ತದೆ. ಬೆಲೆ ಏರಿಸಿದೆವು ಎಂಬ ಸಂದೇಶ ಬಂದರೆ ಚೌಕಾಸಿ ಮಾಡದೆ ಕೊಡಿ. ಮತ್ತು ದಯವಿಟ್ಟು ಅವರ ನಂಬರ್ ಸೇವ್ ಮಾಡಿಕೊಳ್ಳಿ.